ಚಿಕ್ಕ ರಾಜ್ಯದ ಲಾ ಕಾಲೇಜು: ಗೋವೆಯ ತಂದೆಯೊಬ್ಬರ ಪ್ರಶ್ನೆ

ಗೋವೆಯ ವಾಸ್ಕೋ ಪಟ್ಟಣದಲ್ಲಿ ಬಹುಕಾಲದಿಂದ ಕಿರಾಣಿ ಅಂಗಡಿಯನ್ನಿಟ್ಟು ಜೀವಿಸುತ್ತಿರುವ ಕನ್ನಡಿಗರೊಬ್ಬರು ನಮಗೆ ಪತ್ರವೊಂದನ್ನು ಬರೆದಿರುವರು. ಅವರ ಮಗಳು ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆಯಾಗಿ, ಕಾನೂನನ್ನು ಓದಿ ವಕೀಲಳಾಗಬೇಕೆಂದು ಮನಸ್ಸು ಮಾಡಿರುವಳು. ಗೋವೆಯ ಕಾಲೇಜೊಂದರಲ್ಲಿ ಅವಳಿಗೆ ಸ್ಥಳ ದೊರೆಯುವಂತಿದೆ. ದೂರದ ರಾಜ್ಯವೊಂದರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾನಿಲಯದಲ್ಲಿಯೂ ದೊರೆಯುವಂತಿದೆ. ಆದರೆ ಎರಡನೆಯದಕ್ಕೆ ಇರುವ ಒಂದು ಮನೆಯ ಪತ್ರವನ್ನು ಬ್ಯಾಂಕಿನಲ್ಲಿ ಒತ್ತೆಯಿಡಬೇಕು. ಬಂಧುಗಳೂ ನೆರೆಯವರೂ ಹೆಸರುವಾಸಿಯಾದ ವಿದ್ಯಾಲಯವನ್ನು ಬಿಡುವುದು ಮೂರ್ಖತನವೆನ್ನುತ್ತಿರುವರಂತೆ. ನಮ್ಮ ಅಭಿಪ್ರಾಯವೇನೆಂದು ಆ ಮಹನೀಯರು ಕೇಳಿರುವರು.

ನಾವು ಕಾನೂನಿನ ಪದವೀಧರರಲ್ಲ. ಪಾಠಶಾಲೆಯಲ್ಲಿ ಅಕ್ಷರ ಕಲಿತು, ಮೆಟ್ರಿಕ್ಯುಲೇಷನ್ನಿಗೆ ಓದನ್ನು ನಿಲ್ಲಿಸಿ ಪತ್ರಿಕೆಯ ಕೆಲಸಕ್ಕೆ ಇಳಿದವರು. ಆದರೂ ಈ ಪ್ರಶ್ನೆಯನ್ನು ಒಂದು ಮನೆಯ ಮಾತೆಂದು ಬದಿಗಿಡಲು ನಮಗೆ ಮನಸ್ಸು ಬರಲಿಲ್ಲ. ಪ್ರವೇಶದ ಕಾಲದಲ್ಲಿ ಚಿಕ್ಕ ರಾಜ್ಯಗಳ ಎಷ್ಟೋ ಮನೆಗಳಲ್ಲಿ ಇದೇ ಚರ್ಚೆ ನಡೆಯುವುದು. ಆ ಮನೆಗಳು ಕೊಡುವ ಉತ್ತರದ ಮೇಲೆ ಆ ರಾಜ್ಯದ ನ್ಯಾಯಾಲಯಗಳಲ್ಲಿ ಮುಂದೆ ಯಾರು ನಿಂತು ವಾದಿಸುವರು, ಯಾರ ಪರವಾಗಿ ವಾದಿಸುವರು ಎಂಬುದು ನಿರ್ಧಾರವಾಗುವುದು. ಹೀಗಿರಲು ಇದು ಸಾರ್ವಜನಿಕ ವಿಷಯವೇ ಸರಿ.

ಗೋವೆ ಎಷ್ಟು ಚಿಕ್ಕದೆಂಬುದನ್ನು ಮೊದಲು ನೆನೆಯೋಣ. ಅದರ ವಿಸ್ತೀರ್ಣ 3,702 ಚದರ ಕಿಲೋಮೀಟರು. ನಮ್ಮ ಉತ್ತರ ಕನ್ನಡ ಜಿಲ್ಲೆಯೊಂದೇ ಅದರ ಎರಡೂವರೆ ಪಾಲಿಗಿಂತ ಹೆಚ್ಚು. 2011ರ ಜನಗಣತಿಯಲ್ಲಿ ಗೋವೆಯ ಜನಸಂಖ್ಯೆ ಸುಮಾರು 14 ಲಕ್ಷ 58 ಸಾವಿರ. ಉತ್ತರ ಕನ್ನಡದ್ದು ಅದಕ್ಕಿಂತ ಸ್ವಲ್ಪವೇ ಕಡಿಮೆ. ಇಷ್ಟು ಜನರಿರುವ ನಾಡಿನಲ್ಲಿ ಕಾನೂನಿನ ಕಾಲೇಜುಗಳು ಬೆರಳೆಣಿಕೆಯಷ್ಟೇ ಇರುವುದು ಸಹಜ. ಪಣಜಿಯ ಮೀರಾಮಾರಿನಲ್ಲಿ ವಿ. ಎಂ. ಸಾಲಗಾಂವಕರ ಕಾಲೇಜು, ಮಡಗಾಂವಿಯಲ್ಲಿ ಗೋವಿಂದ ರಾಮನಾಥ ಕಾರೆ ಕಾಲೇಜು, ಇವೆರಡೂ ಗೋವಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಹಳೆಯ ಸಂಸ್ಥೆಗಳು. ಇವುಗಳ ಜೊತೆಗೆ 2022ರಲ್ಲಿ ಭಾರತೀಯ ವಕೀಲರ ಪರಿಷತ್ತಿನ ನ್ಯಾಸವು ಕಾನೂನು ಶಿಕ್ಷಣದ ಅಂತಾರಾಷ್ಟ್ರೀಯ ವಿಶ್ವವಿದ್ಯಾನಿಲಯವೊಂದನ್ನು ಅಲ್ಲಿ ಆರಂಭಿಸಿತು. 2025ರ ಆಗಸ್ಟಿನಲ್ಲಿ ಪರಿಷತ್ತು ದೇಶದಲ್ಲೆಲ್ಲ ಮೂರು ವರ್ಷಗಳ ಕಾಲ ಹೊಸ ಲಾ ಕಾಲೇಜುಗಳನ್ನು ತೆರೆಯಕೂಡದೆಂದು ತಡೆಯನ್ನು ಹಾಕಿರುವುದರಿಂದ, ಆರಿಸಿಕೊಳ್ಳುವವರು ಇರುವವುಗಳಲ್ಲಿಯೇ ಆರಿಸಿಕೊಳ್ಳಬೇಕಾಗಿದೆ.

ಪದವಿಯ ಮಾನ್ಯತೆಯ ವಿಷಯದಲ್ಲಿ ಭಯಪಡಬೇಕಾದುದಿಲ್ಲ. ಪರಿಷತ್ತಿನ ಮನ್ನಣೆಯುಳ್ಳ ಯಾವ ಕಾಲೇಜಿನಿಂದ ಪದವಿ ಪಡೆದರೂ ಸನ್ನದು ಒಂದೇ. ಅಖಿಲ ಭಾರತ ವಕೀಲರ ಪರೀಕ್ಷೆಯೂ ಎಲ್ಲರಿಗೂ ಒಂದೇ. ವಕೀಲರ ಕಾಯಿದೆಯ 30ನೆಯ ಕಲಮು 2011ರಲ್ಲಿ ಜಾರಿಗೆ ಬಂದಂದಿನಿಂದ, ಒಂದು ರಾಜ್ಯದಲ್ಲಿ ಹೆಸರು ನೋಂದಾಯಿಸಿದವರು ದೇಶದ ಯಾವ ನ್ಯಾಯಾಲಯದಲ್ಲಿಯೂ ವಕೀಲಿಯನ್ನು ನಡೆಸಬಹುದು. ಆದುದರಿಂದ ಮಡಗಾಂವಿಯ ಪದವಿ ಚಿಕ್ಕದು, ದೂರದ ಪದವಿ ದೊಡ್ಡದು ಎಂಬ ಮಾತು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಭೇದವಿರುವುದು ಕಲಿಯುವ ವಿಷಯದಲ್ಲಿ, ಪರಿಚಯದಲ್ಲಿ ಮತ್ತು ಹೆಗಲಿಗೇರುವ ಸಾಲದಲ್ಲಿ.

ಮೊದಲು ವಿಷಯವನ್ನು ನೋಡೋಣ. ಗೋವೆಯ ಕಾನೂನು ಇತರ ರಾಜ್ಯಗಳ ಕಾನೂನಿನಂತಲ್ಲ. 1867ರಲ್ಲಿ ಪೋರ್ತುಗಲ್ ದೇಶದಲ್ಲಿ ರಚಿತವಾದ ಸಿವಿಲ್ ಸಂಹಿತೆಯು 1870ರ ಜುಲೈ 1ರಿಂದ ಗೋವೆಯಲ್ಲಿ ಜಾರಿಗೆ ಬಂದಿತು. 1961ರ ಡಿಸೆಂಬರ್ 19ರಂದು ಪರಕೀಯರ ಧ್ವಜವು ಇಳಿಯಿತು. ಆದರೆ ಪಾರ್ಲಿಮೆಂಟು 1962ರಲ್ಲಿ ಮಾಡಿದ ಕಾಯಿದೆಯ ಬಲದಿಂದ ಆ ಸಂಹಿತೆಯ ಕುಟುಂಬ ವಿಧಿಗಳು ಉಳಿದುಕೊಂಡವು. ಪೋರ್ತುಗಲ್ ದೇಶವೇ 1966ರಲ್ಲಿ ತನ್ನ ಹಳೆಯ ಸಂಹಿತೆಯನ್ನು ಬಿಟ್ಟು ಹೊಸದನ್ನು ಮಾಡಿಕೊಂಡಿತು. ಗೋವೆಯಲ್ಲಿ ಹಳೆಯದರ ವಿವಾಹವಿಧಿಗಳು ಇಂದಿಗೂ ನಡೆಯುತ್ತಿವೆ. ವಿವಾಹಕ್ಕೆ ಮುಂಚೆ ಬೇರೆ ಕರಾರು ಆಗದಿದ್ದರೆ ಪತಿಪತ್ನಿಯರ ಸಮಸ್ತ ಆಸ್ತಿಯೂ ಕೂಡಿದ ಆಸ್ತಿಯಾಗುವುದು. ಅದರಲ್ಲಿ ಅರ್ಧ ಅವನದು, ಅರ್ಧ ಅವಳದು. ಹೆಂಡತಿಯ ಸಮ್ಮತಿಯಿಲ್ಲದೆ ಗಂಡನು ಮನೆ ಹೊಲಗಳನ್ನು ಮಾರಲಾರನು. ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಿಗೂ ಪಾಲು ಸಮಾನ. ತಂದೆತಾಯಿಗಳು ಮರಣಶಾಸನವನ್ನು ಬರೆದು ಮಕ್ಕಳನ್ನು ಪೂರ್ತಿಯಾಗಿ ಬರಿಗೈಯಲ್ಲಿ ಕಳಿಸುವಂತಿಲ್ಲ. ಉತ್ತರಾಧಿಕಾರದ ಭಾಗವನ್ನು ಗೋವೆಯ ವಿಧಾನಸಭೆಯು 2012ರ ಕಾಯಿದೆಯಿಂದ ತಾನೇ ಹೊಸದಾಗಿ ಬರೆಯಿತು. ಅದು 2016ರ ಡಿಸೆಂಬರಿನಲ್ಲಿ ಜಾರಿಗೆ ಬಂದಿತು.

ಇಲ್ಲಿ ನಾವು ಒಂದು ಸತ್ಯವನ್ನು ಮರೆಮಾಚದೆ ಹೇಳಬೇಕು. ಪರಕೀಯರ ಆಳಿಕೆಯ ಯಾವ ಗುರುತನ್ನು ಕಂಡರೂ ಸಿಡಿದೇಳುವುದು ನಮ್ಮ ಪತ್ರಿಕೆಯಂಥವುಗಳ ಸ್ವಭಾವ. ಆದರೆ ಗೋವೆಯ ಗೃಹಿಣಿಗೆ ಅರ್ಧ ಪಾಲನ್ನು ಕೊಟ್ಟ ಕಾನೂನು ಪರಕೀಯನು ತಂದದ್ದೆಂಬ ಕಾರಣದಿಂದ ಅದನ್ನು ಹಳಿಯುವುದು ದೇಶಾಭಿಮಾನವಾಗದು. 1967ರ ಜನಮತಗಣನೆಯಲ್ಲಿ ಮಹಾರಾಷ್ಟ್ರದೊಡನೆ ಸೇರಲೊಲ್ಲೆವೆಂದು ತೀರ್ಮಾನಿಸಿ, 1987ರ ಮೇ 30ರಂದು ಪೂರ್ಣ ರಾಜ್ಯವಾದ ಆ ಜನರು ಈ ಕಾನೂನನ್ನು ತಮ್ಮದಾಗಿ ಮಾಡಿಕೊಂಡಿರುವರು. 2019ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದು ಪಾರ್ಲಿಮೆಂಟಿನ ಒಪ್ಪಿಗೆಯಿಂದ ಭಾರತದ ಕಾನೂನೇ ಆಗಿರುವುದೆಂದೂ, ಗೋವೆಯವರು ಹೊರರಾಜ್ಯದಲ್ಲಿ ಹೊಂದಿರುವ ಆಸ್ತಿಗೂ ಅನ್ವಯಿಸುವುದೆಂದೂ ತೀರ್ಪಿತ್ತಿತು. ಉತ್ತರಾಖಂಡವು 2024ರಲ್ಲಿ ಏಕರೂಪ ಸಿವಿಲ್ ಸಂಹಿತೆಯನ್ನು ಅಂಗೀಕರಿಸಿ 2025ರ ಜನವರಿಯಲ್ಲಿ ಜಾರಿಗೆ ತಂದಿರುವುದು. ಈ ವಿಷಯವಾಗಿ ಯಾವ ಪಕ್ಷದವರು ವಾದಿಸಿದರೂ ಗೋವೆಯ ಹೆಸರನ್ನು ಎತ್ತದೆ ಬಿಡುವುದಿಲ್ಲ. ಎಲ್ಲರೂ ಹೆಸರೆತ್ತುವ ಈ ಕಾನೂನನ್ನು ಮೂಲದಿಂದ ಬಲ್ಲ ವಕೀಲರು ಇನ್ನು ಮೂವತ್ತು ವರ್ಷಗಳ ಮೇಲೆ ಎಷ್ಟು ಮಂದಿ ಇದ್ದಾರು? ಇದೇ ನಮ್ಮನ್ನು ಕಾಡುವ ಚಿಂತೆ.

ಸಂಹಿತೆಯೊಂದೇ ಅಲ್ಲ. ಹಳ್ಳಿಯ ಪುರಾತನ ಗಾಂವಕಾರಿಗಳಿಂದ ಬಂದ ಕೊಮುನಿದಾದುಗಳ ಭೂಮಿಗೆ 1961ರ ಪ್ರತ್ಯೇಕ ಸಂಹಿತೆಯುಂಟು. ಭಾಟಕಾರನ ತೋಟದಲ್ಲಿ ತಲೆತಲಾಂತರದಿಂದ ಗುಡಿಸಲು ಕಟ್ಟಿಕೊಂಡಿರುವ ಮುಂಡ್ಕಾರನನ್ನು ಒಕ್ಕಲೆಬ್ಬಿಸದಂತೆ ರಕ್ಷಿಸಲು 1975ರ ಕಾಯಿದೆಯುಂಟು. ಮನೆಯ ಯಜಮಾನನು ತೀರಿಕೊಂಡ ಮೇಲೆ ಆಸ್ತಿಯನ್ನು ಪಟ್ಟಿ ಮಾಡಿ ಪಾಲು ಹಂಚುವ ಇನ್ವೆಂಟರಿ ಎಂಬ ವಿಧಾನವುಂಟು. ಹಳೆಯ ದಸ್ತಾವೇಜುಗಳು ಪೋರ್ತುಗೀಜ್ ಭಾಷೆಯಲ್ಲಿರುವುವು. ಸಾಕ್ಷಿ ಹೇಳುವ ಮುದುಕಿ ಕೊಂಕಣಿಯಲ್ಲಿ ಹೇಳುವಳು. ತೀರ್ಪು ಇಂಗ್ಲಿಷಿನಲ್ಲಿ ಬರುವುದು. ಈ ಮೂರನ್ನೂ ಕೂಡಿಸಿ ಅರ್ಥ ಹೇಳಬಲ್ಲವನೇ ಗೋವೆಯಲ್ಲಿ ವಕೀಲನು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಾಗಲಿ ಅದರ ಮಾದರಿಯಲ್ಲಿ ಹುಟ್ಟಿದ ಇತರ ವಿಶ್ವವಿದ್ಯಾನಿಲಯಗಳಾಗಲಿ ಮುಂಡ್ಕಾರನ ವ್ಯಾಜ್ಯವನ್ನು ವಿಸ್ತಾರವಾಗಿ ಕಲಿಸಬೇಕೆಂದು ನಾವು ನಿರೀಕ್ಷಿಸಲಾಗದು. ಅವು ದೇಶಕ್ಕಾಗಿ ಕಲಿಸುವುವು. ಅದು ಅವುಗಳ ದೋಷವಲ್ಲ. ಈ ನೆಲದ ಕಾನೂನನ್ನು ಕಲಿಸುವ ಭಾರವು ಈ ನೆಲದ ಕಾಲೇಜಿನ ಮೇಲೆಯೇ ಬೀಳುವುದು.

ಎರಡನೆಯದು ಪರಿಚಯ. ಚಿಕ್ಕ ರಾಜ್ಯದಲ್ಲಿ ಎಲ್ಲವೂ ಸಮೀಪ. ಮುಂಬಯಿ ಉಚ್ಚ ನ್ಯಾಯಾಲಯದ ಗೋವೆಯ ಪೀಠವು 1982ರಲ್ಲಿ ಸ್ಥಾಪಿತವಾಗಿ, 2021ರಿಂದ ಪರ್ವರಿಯ ಹೊಸ ಕಟ್ಟಡದಲ್ಲಿ ಕುಳಿತಿರುವುದು. ಪಣಜಿಯಿಂದ ಮಾಂಡವಿಯ ಸೇತುವೆಯನ್ನು ದಾಟಿದರೆ ಅಲ್ಲಿಗೆ ದಾರಿ ದೂರವಿಲ್ಲ. ಮಡಗಾಂವಿಯ ವಿದ್ಯಾರ್ಥಿಗೆ ದಕ್ಷಿಣ ಗೋವೆಯ ಜಿಲ್ಲಾ ನ್ಯಾಯಾಲಯವು ಅದೇ ಊರಿನಲ್ಲಿದೆ. ಬೆಳಿಗ್ಗೆ ಪಾಠ ಕೇಳಿ ಮಧ್ಯಾಹ್ನ ಅದೇ ವಿಷಯದ ವಾದವನ್ನು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವ ಸೌಕರ್ಯ ಎಲ್ಲರಿಗೂ ದೊರೆಯುವುದಿಲ್ಲ. ಪರಿಷತ್ತಿನ ನಿಯಮದಂತೆ ಐದು ವರ್ಷದ ವಿದ್ಯಾರ್ಥಿಯು ಕನಿಷ್ಠ 20 ವಾರ, ಮೂರು ವರ್ಷದ ವಿದ್ಯಾರ್ಥಿಯು 12 ವಾರ ವಕೀಲರ ಬಳಿಯೋ ಅಂಥ ಬೇರೆ ಕಡೆಯೋ ಕೆಲಸ ಕಲಿಯಬೇಕು. ತಾನು ಮುಂದೆ ವಾದಿಸಲಿರುವ ಊರಿನಲ್ಲಿಯೇ ಆ ವಾರಗಳನ್ನು ಕಳೆದವನಿಗೆ ಪದವಿ ಬರುವ ಹೊತ್ತಿಗೆ ಒಬ್ಬ ಹಿರಿಯ ವಕೀಲರ ಮನೆಯ ಬಾಗಿಲು ತೆರೆದಿರುವುದು.

2025ರ ಮೇ 20ರಂದು ಸರ್ವೋಚ್ಚ ನ್ಯಾಯಾಲಯವಿತ್ತ ತೀರ್ಪು ಈ ಮಾತಿಗೆ ಇನ್ನಷ್ಟು ತೂಕವನ್ನು ಕೊಟ್ಟಿದೆ. ಕೆಳಗಿನ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕುವವರು ಮೂರು ವರ್ಷ ವಕೀಲಿ ನಡೆಸಿರಬೇಕೆಂಬ ಹಳೆಯ ನಿಯಮವನ್ನು ಆ ತೀರ್ಪು ಮರಳಿ ತಂದಿತು. ನಿಯಮವು ಮುಂದೆ ಬಿಗಿಯಾಗಲಿ ಸಡಿಲವಾಗಲಿ, ಅದರ ಹಿಂದಿರುವ ವಿವೇಕವು ನಿಜವಾದುದು: ನ್ಯಾಯಾಲಯದ ಧೂಳನ್ನು ಕುಡಿಯದವನಿಗೆ ನ್ಯಾಯಪೀಠವು ತಕ್ಕುದಲ್ಲ. ಆದರೆ ಈ ಮೂರು ವರ್ಷ ಅನ್ನಕ್ಕೇನು? ಕಿರಿಯ ವಕೀಲರಿಗೆ ಪಟ್ಟಣದಲ್ಲಿ ತಿಂಗಳಿಗೆ 20,000 ರೂಪಾಯಿ, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡುವುದು ಒಳಿತೆಂದು ಪರಿಷತ್ತು 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿತು. ಶಿಫಾರಸಿನಿಂದ ಹೊಟ್ಟೆ ತುಂಬದು. ತಂದೆಯ ಮನೆಯಲ್ಲಿ ಉಂಡು ಮಲಗುವ ಸೌಕರ್ಯವುಳ್ಳವರಿಗೆ ಮಾತ್ರ ಆ ಮೂರು ವರ್ಷಗಳು ಸಹ್ಯವಾಗುವುವು.

ಇಲ್ಲಿಗೆ ಸಾಲದ ಮಾತು ಬಂದಿತು. ಮನೆಯನ್ನು ಒತ್ತೆಯಿಟ್ಟು ಓದಿದ ಹುಡುಗಿಯು ಪದವಿ ಪಡೆದ ಮೇಲೆ ಕಂತನ್ನು ಕಟ್ಟಬೇಕು. ಅವಳ ಮನಸ್ಸು ಬಡವರ ದಾವೆಯ ಕಡೆಗೆ ಎಷ್ಟೇ ಎಳೆಯಲಿ, ಸಾಲವು ಅವಳನ್ನು ಮುಂಬಯಿಯ ದೊಡ್ಡ ಕಂಪೆನಿಗಳ ಕಾಗದಪತ್ರಗಳ ಕಡೆಗೆ ಎಳೆಯುವುದು. ಅದೇನೂ ಪಾಪದ ಕೆಲಸವಲ್ಲ. ಅದರಲ್ಲಿ ಜಾಣ್ಮೆಯೂ ಇದೆ, ಸಂಬಳವೂ ಇದೆ. ಆದರೆ ಅದು ಅವಳು ಆರಿಸಿದ ದಾರಿಯಾಗಿರಬೇಕೇ ಹೊರತು ಬ್ಯಾಂಕು ಆರಿಸಿದ್ದಾಗಿರಕೂಡದು. ಎಷ್ಟೋ ತಂದೆಗಳು ಮಕ್ಕಳಿಗೆ ದೊಡ್ಡ ವಿದ್ಯಾಲಯವನ್ನು ಕೊಡಿಸುತ್ತಿರುವೆವೆಂದು ತಿಳಿದು, ತಿಳಿಯದೆಯೇ ಅವರ ಕಕ್ಷಿಗಾರರನ್ನೂ ಆರಿಸಿಬಿಡುವರು.

ಹಾಗಾದರೆ ಚಿಕ್ಕ ರಾಜ್ಯದ ಕಾಲೇಜೇ ಸರ್ವೋತ್ತಮವೆಂದು ನಾವು ಡಂಗುರ ಹೊಡೆಯುತ್ತಿರುವೆವೆ? ಖಂಡಿತವಾಗಿ ಇಲ್ಲ. ಸಾಮೀಪ್ಯಕ್ಕೆ ತನ್ನದೇ ಆದ ವಿಷವುಂಟು. ಇಂದು ಪಾಠ ಹೇಳುವವರು ನಾಳೆ ಎದುರು ವಕೀಲರು. ಇಂದಿನ ಎದುರು ವಕೀಲರು ನಾಡಿದ್ದು ಸರಕಾರದ ವಕೀಲರು. ಎಲ್ಲರೂ ಎಲ್ಲರಿಗೂ ಬೇಕಾದವರಾದಾಗ ಬಲಿಷ್ಠನ ವಿರುದ್ಧ ಅರ್ಜಿ ಹಾಕುವ ವಕೀಲನು ಸಿಕ್ಕುವುದು ಕಷ್ಟವಾಗುವುದು. ಒಂದೇ ಬಾವಿಯ ನೀರನ್ನು ಕುಡಿದು ಬೆಳೆದವರಿಗೆ ಬೇರೆ ನೀರಿನ ರುಚಿ ತಿಳಿಯದು. ಸಂವಿಧಾನದ ವಿಶಾಲ ಪ್ರಶ್ನೆಗಳು, ಅಂತಾರಾಷ್ಟ್ರೀಯ ವ್ಯಾಪಾರದ ಕಾನೂನು, ದೇಶದ ನಾನಾ ಭಾಗಗಳಿಂದ ಬಂದ ಚುರುಕು ಸಹಪಾಠಿಗಳೊಡನೆ ನಡೆಯುವ ವಾದ, ಇವೆಲ್ಲ ದೊಡ್ಡ ವಿದ್ಯಾಲಯದಲ್ಲಿ ಹೆಚ್ಚಾಗಿ ದೊರೆಯುವುದೆಂಬುದನ್ನು ಒಪ್ಪಲೇಬೇಕು. ದೆಹಲಿಯಲ್ಲಿ ವಾದಿಸಬೇಕೆಂಬ ದೃಢಸಂಕಲ್ಪವುಳ್ಳವರಿಗೆ, ಅಥವಾ ವಿದ್ಯಾರ್ಥಿವೇತನದಿಂದ ವೆಚ್ಚವು ನೀಗುವವರಿಗೆ, ಹೊರಗೆ ಹೋಗಬೇಡಿರೆಂದು ಹೇಳುವುದು ಅನ್ಯಾಯವಾದೀತು.

ಆದುದರಿಂದ ಕಾಲೇಜಿನ ಹೆಸರನ್ನು ಕೇಳುವುದಕ್ಕೆ ಮುಂಚೆ, ಓದಿ ಮುಗಿದ ಮೇಲೆ ಯಾವ ನ್ಯಾಯಾಲಯದಲ್ಲಿ ನಿಲ್ಲಬೇಕೆಂದಿರುವೆ ಎಂದು ಮಗುವನ್ನು ಕೇಳಬೇಕು. ಉತ್ತರವು ಗೋವೆಯೆಂದಾದರೆ, ತಂದೆಯು ಮಗಳ ಕೈಹಿಡಿದು ಆ ಕಾಲೇಜಿಗೆ ಒಂದು ದಿನ ಹೋಗಿಬರಲಿ. ಪರಿಷತ್ತಿನ ಮನ್ನಣೆಯು ಈ ವರ್ಷಕ್ಕೂ ಇದೆಯೇ ಎಂದು ಕಾಗದವನ್ನು ಕಣ್ಣಾರೆ ನೋಡಲಿ. ಅಧ್ಯಾಪಕರಲ್ಲಿ ಪೂರ್ಣಕಾಲದವರು ಎಷ್ಟು ಮಂದಿ, ಗಂಟೆ ಬಾರಿಸಿದಾಗ ಬಂದು ಹೋಗುವವರೆಷ್ಟು ಎಂದು ವಿಚಾರಿಸಲಿ. ಸಿವಿಲ್ ಸಂಹಿತೆಯನ್ನೂ ಇನ್ವೆಂಟರಿಯನ್ನೂ ಯಾರು ಕಲಿಸುವರು, ಅವರು ನ್ಯಾಯಾಲಯವನ್ನು ಕಂಡವರೇ ಎಂದು ಕೇಳಲಿ. ಪುಸ್ತಕಾಲಯದಲ್ಲಿ ಸಂಜೆ ದೀಪವಿರುವುದೇ, ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಕಾನೂನು ನೆರವಿನ ಕೆಲಸಕ್ಕೆ ನಿಜವಾಗಿ ಹೋಗುವರೇ, ಅಥವಾ ಹೋದಂತೆ ರುಜು ಹಾಕುವರೇ ಎಂದು ತಿಳಿಯಲಿ. ಕಡೆಯದಾಗಿ, ಐದು ವರ್ಷದ ಹಿಂದೆ ಅಲ್ಲಿಂದ ಹೊರಬಂದ ನಾಲ್ವರನ್ನು ಹುಡುಕಿ, ಅವರು ಈಗ ಏನು ಮಾಡುತ್ತಿರುವರೆಂದು ನೋಡಲಿ. ಈ ಪ್ರಶ್ನೆಗಳಿಗೆ ಕಾಲೇಜು ತಡವರಿಸಿದರೆ, ಮನೆಗೆ ಸಮೀಪವಿದೆಯೆಂಬ ಒಂದೇ ಕಾರಣದಿಂದ ಅದನ್ನು ಸೇರುವುದು ಆತ್ಮವಂಚನೆ. ಶ್ರೇಯಾಂಕದ ಪಟ್ಟಿಗಳೂ ಬಣ್ಣದ ಜಾಹೀರಾತುಗಳೂ ಈ ಸಂಗತಿಗಳನ್ನು ಹೇಳುವುದಿಲ್ಲ. ಕಾಲೇಜಿನ ಹೊರಗಿನ ಚಹದ ಅಂಗಡಿಯವನು ಅವುಗಳಿಗಿಂತ ಹೆಚ್ಚನ್ನು ಹೇಳಿಯಾನು.

ಗೋವೆಯ ಸರಕಾರಕ್ಕೂ ಒಂದು ಮಾತು. ತನ್ನ ಕಾನೂನು ದೇಶಕ್ಕೆ ಮಾದರಿಯೆಂದು ಹೊಗಳಿಸಿಕೊಳ್ಳುವುದರಿಂದ ಕರ್ತವ್ಯವು ಮುಗಿಯಲಿಲ್ಲ. ಆ ಕಾನೂನಿಗೆ ವಿಶ್ವವಿದ್ಯಾನಿಲಯದಲ್ಲಿ ಸ್ಥಿರವಾದ ಅಧ್ಯಾಪಕ ಪೀಠ ಬೇಕು. ಪೋರ್ತುಗೀಜ್ ದಸ್ತಾವೇಜುಗಳನ್ನು ಓದುವುದನ್ನು ಹಿರಿಯರಿರುವಾಗಲೇ ಕಿರಿಯರಿಗೆ ಕಲಿಸಬೇಕು. ಜನರು ಮನೆಯಲ್ಲಿ ಆಡುವ ಕೊಂಕಣಿಯಲ್ಲಿಯೂ, ಓದಿ ಬರೆಯುವ ಮರಾಠಿಯಲ್ಲಿಯೂ ಕಾನೂನಿನ ತಿಳಿಯಾದ ಪುಸ್ತಕಗಳಾಗಬೇಕು. ಬಡ ಕಿರಿಯ ವಕೀಲರಿಗೆ ಮೊದಲ ಮೂರು ವರ್ಷ ವೇತನ ಬೇಕು. ಚಿಕ್ಕ ರಾಜ್ಯಕ್ಕೆ ಇದು ದೊಡ್ಡ ಹೊರೆಯಾಗದು. ಆಗಬೇಕಾದವರ ಸಂಖ್ಯೆಯೇ ಚಿಕ್ಕದು. ಮಹದಾಯಿಯ ನೀರಿನ ವಿಷಯದಲ್ಲಿ ನಮಗೂ ಅವರಿಗೂ ವ್ಯಾಜ್ಯವುಂಟು. ಅದು ತೀರುವವರೆಗೆ ನೆರೆಯವರಿಗೆ ಒಳ್ಳೆಯ ಮಾತನ್ನು ಹೇಳಬಾರದೆಂಬ ನಿಯಮವೇನೂ ಇಲ್ಲವಷ್ಟೆ.

ಇನ್ನು ನಮ್ಮವರ ವಿಷಯ. ಗೋವೆಯ ಬಂದರು, ಕಟ್ಟಡ, ರಸ್ತೆ ಕೆಲಸಗಳಲ್ಲಿ ಬೆವರು ಸುರಿಸಿದ ಕನ್ನಡಿಗರು ಲೆಕ್ಕವಿಲ್ಲದಷ್ಟು. 2004ರಲ್ಲಿ ವಾಸ್ಕೋದ ಬೈನಾ ಕಡಲತೀರದಲ್ಲಿ ಮನೆಗಳು ನೆಲಸಮವಾದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಅನೇಕರಿದ್ದರು. ಆ ತೆರವು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆಯನ್ನು ನಾವಿಲ್ಲಿ ಎತ್ತುವುದಿಲ್ಲ. ನೋಟೀಸಿನ ಕಾಗದವನ್ನು ಕೈಯಲ್ಲಿ ಹಿಡಿದು ಅದರಲ್ಲೇನಿದೆಯೆಂದು ತಿಳಿಯದೆ ನಿಂತವರಿಗೆ, ಅವರ ಮಾತಿನಲ್ಲಿಯೇ ಅರ್ಥ ಹೇಳಿ, ಆ ನಾಡಿನ ಕಾನೂನಿನಲ್ಲಿಯೇ ವಾದಿಸುವ ವಕೀಲರು ಬೇಕೆಂಬುದರಲ್ಲಿ ಮಾತ್ರ ಎರಡು ಮಾತಿಲ್ಲ. ಗೋವೆಯಲ್ಲಿ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳ ಮದುವೆ, ಆಸ್ತಿಗಳಿಗೆ ಯಾವ ಕಾನೂನು ಅನ್ವಯಿಸುವುದೆಂಬುದು ತಾನೇ ವಾದಕ್ಕೆ ಎಡೆಯಿರುವ ಪ್ರಶ್ನೆ. ಅದನ್ನು ಬಿಡಿಸಿ ಹೇಳುವವರು ಹೊರಗಿನಿಂದ ಬರುವುದಿಲ್ಲ. ಕೊಂಕಣಿಯನ್ನು ಬೀದಿಯಲ್ಲಿಯೂ ಕನ್ನಡವನ್ನು ಮನೆಯಲ್ಲಿಯೂ ಕಲಿತ ಕಿರಾಣಿ ಅಂಗಡಿಯವರ ಮಗಳೇ ಅಂಥವಳು.

ಆದುದರಿಂದ ಪತ್ರ ಬರೆದ ಮಹನೀಯರಿಗೆ ನಮ್ಮ ಉತ್ತರವಿದು. ತಮ್ಮ ಮಗಳ ಮನಸ್ಸು ದೆಹಲಿ ಮುಂಬಯಿಗಳಲ್ಲಿ ನೆಟ್ಟಿದ್ದರೆ, ವಿದ್ಯಾರ್ಥಿವೇತನದ ದಾರಿಯನ್ನು ಹುಡುಕಿ ಅವಳನ್ನು ಹರಸಿ ಕಳಿಸಿರಿ. ಅವಳ ಮನಸ್ಸು ತಾನು ಬೆಳೆದ ಊರಿನ ನ್ಯಾಯಾಲಯದಲ್ಲಿದ್ದರೆ, ಮೇಲೆ ಹೇಳಿದಂತೆ ಪರೀಕ್ಷಿಸಿ, ತೇರ್ಗಡೆಯಾದ ಸ್ಥಳೀಯ ಕಾಲೇಜಿಗೇ ಸೇರಿಸಿರಿ. ಹೊರಗಿನ ಲೋಕವನ್ನು ಕಾಣಲು ರಜೆಯ ತರಬೇತಿಗಳುಂಟು. ಮುಂದೆ ಸ್ನಾತಕೋತ್ತರ ವ್ಯಾಸಂಗವುಂಟು. ಎರಡರಲ್ಲಿ ಯಾವುದಾದರೂ ಸರಿಯೆ, ಮನೆಯ ಪತ್ರವನ್ನು ಪೆಟ್ಟಿಗೆಯಲ್ಲಿಯೇ ಇರಗೊಡಿರಿ. ವಕೀಲಿಯ ಮೊದಲ ಮೂರು ವರ್ಷಗಳಲ್ಲಿ ಅವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಆ ಮನೆಯೇ.